ದೋಣಿ ಇಲ್ಲದ ಅಲೆ: ಚಿತ್ರಕಾರ ಹೊಕುಸಾಯ್

ಶನಿವಾರ ಮಕ್ಕಳಿಗೆ ಸಮವಸ್ತ್ರದಿಂದ ಬಿಡುವು. ನಮ್ಮ ಬೋಧನಾ ಅಭ್ಯಾಸದ ಮೂರನೆಯ ವಾರ ಅದು. ಸೋಮವಾರಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಗೆ ನಾನು ಶಬ್ದದ ಪಾಠ ತೆಗೆದುಕೊಂಡಿದ್ದೆ. ಆ ದಿನದ ಕಲಿಕಾಂಶ ತರಂಗದ ಉಬ್ಬು, ತಗ್ಗು, ಪಾರ ಮತ್ತು ತರಂಗದೂರ. ಪೀಠಿಕೆಗೆಂದು ಒಂದು ಹಗ್ಗ ಒಯ್ದಿದ್ದೆ. ಎರಡನೆಯ ಬೆಂಚಿನ ಹುಡುಗನ ಟೀ ಶರ್ಟ್ ಕಂಡ ಮೇಲೆ ಹಗ್ಗ ಚೀಲದಲ್ಲೇ ಉಳಿಯಿತು. ಕಪ್ಪು ಬಟ್ಟೆ, ಎದೆ ತುಂಬ ನೀಲಿ ಅಲೆ, ಅದರ ತುದಿಯಲ್ಲಿ ಉಗುರುಗಳಂತೆ ಬಾಗಿದ ಬಿಳಿ ನೊರೆ, ಕೆಳಗೆ ಜಪಾನೀ ಅಕ್ಷರಗಳು. ನೀವೂ ನೋಡಿರುತ್ತೀರಿ. ಸಂತೆಯ ಬಟ್ಟೆ ಅಂಗಡಿಯಲ್ಲಿ, ಮೊಬೈಲ್ ಕವರಿನಲ್ಲಿ, ಪ್ರವಾಸಕ್ಕೆ ಬರುವವರ ಬೆನ್ನಿನ ಚೀಲದಲ್ಲಿ ಎಲ್ಲ ಕಡೆ ಇದೆ.

ಹುಡುಗನನ್ನು ಮುಂದೆ ಕರೆದು ನಿಲ್ಲಿಸಿದೆ. ಅಂಗಿಯ ಮೇಲೆ ಅಳತೆಪಟ್ಟಿ ಹಿಡಿದು, ಅಲೆಯ ಬುಡದಿಂದ ತುದಿಯವರೆಗಿನ ಈ ಎತ್ತರವೇ ಪಾರ ಎಂದೆ. ಅದು ತಪ್ಪು. ಪಾರವನ್ನು ಅಳೆಯುವುದು ಸಮಸ್ಥಿತಿಯ ರೇಖೆಯಿಂದ, ತಗ್ಗಿನ ತಳದಿಂದಲ್ಲ. ಒಬ್ಬಳು ಹುಡುಗಿ ನಿಜವಾಗಿ ಆ ಅಲೆ ಎಷ್ಟು ಎತ್ತರ ಇರಬಹುದು ಎಂದು ಕೇಳಿದಳು. ಚಿತ್ರ ಅಷ್ಟೇ, ಎತ್ತರ ಹೇಳಲಾಗದು ಎಂದೆ. ಇನ್ನೊಬ್ಬ ಅದು ಸುನಾಮಿ ಎಂದ. ಹೌದು ಎಂದೆ. ಅಂಗಿ ಧರಿಸಿದವನೇ ತಲೆ ಬಗ್ಗಿಸಿ ತನ್ನ ಹೊಟ್ಟೆಯ ಬಳಿಯಿದ್ದ ಚಿಕ್ಕ ಬಿಳಿ ತ್ರಿಕೋನ ತೋರಿಸಿ ಇದೇನು ಎಂದಾಗ, ದೂರದ ಇನ್ನೊಂದು ಅಲೆ ಎಂದುಬಿಟ್ಟೆ. ಗಂಟೆ ಹೊಡೆಯಿತು. ನನ್ನ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಸ್ಥಳೀಯ ಸನ್ನಿವೇಶದ ಬಳಕೆ ಉತ್ತಮ ಎಂದು ಬರೆದಿದ್ದರು.

ಆ ಸಂಜೆ ಬಸ್ಸಿನಲ್ಲಿ ಮೊಬೈಲಿನಲ್ಲಿ ಮೂಲ ಚಿತ್ರ ಹುಡುಕಿ ನೋಡಿದಾಗ ಮೈ ಬಿಸಿಯಾಯಿತು. ಬಿಳಿ ತ್ರಿಕೋನ ಅಲೆಯಲ್ಲ, 3,776 ಮೀಟರ್ ಎತ್ತರದ ಫ್ಯೂಜಿ ಪರ್ವತ. ಅದು ಸುನಾಮಿಯೂ ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಚಿತ್ರದಲ್ಲಿ ಮೂರು ದೋಣಿಗಳಿದ್ದವು. ಅವುಗಳ ತುಂಬ ಹುಟ್ಟು ಹಿಡಿದು ಮುಂದಕ್ಕೆ ಬಾಗಿದ ಜನ. ನಮ್ಮ ಹುಡುಗನ ಅಂಗಿಯಲ್ಲಿ ಅವರನ್ನು ಅಳಿಸಿಹಾಕಿದ್ದರು. ಒಂದೇ ಅವಧಿಯಲ್ಲಿ ಮೂರು ತಪ್ಪು ಹೇಳಿದ್ದೆ, ನಲವತ್ತೆರಡು ಮಕ್ಕಳು ಅದನ್ನು ನಂಬಿದ್ದರು.

ನಮ್ಮ ಪತ್ರಿಕೆಯ ಜೀವನಚಿತ್ರ ಅಂಕಣದಲ್ಲಿ ಸಾಮಾನ್ಯವಾಗಿ ವಿಜ್ಞಾನಿಗಳು, ಶಿಕ್ಷಣ ಚಿಂತಕರು ಬರುತ್ತಾರೆ. ಈ ಸಲ ಒಬ್ಬ ಚಿತ್ರಕಾರನ ಬಗ್ಗೆ ಬರೆಯುತ್ತಿರುವುದಕ್ಕೆ ಆ ಶನಿವಾರ ಕಾರಣ. ಓದುತ್ತಾ ಹೋದಂತೆ ಇವರು ನಮ್ಮ ಅಂಕಣಕ್ಕೆ ಹೊರಗಿನವರಲ್ಲ ಎಂದೂ ಅನಿಸಿತು. ಅದನ್ನು ಮುಂದೆ ಹೇಳುತ್ತೇನೆ.

ಕತ್ಸುಶಿಕಾ ಹೊಕುಸಾಯ್ ಹುಟ್ಟಿದ್ದು 1760ರಲ್ಲಿ, ಇಂದಿನ ಟೋಕಿಯೋ ಆಗಿರುವ ಎಡೊ ನಗರದ ಕತ್ಸುಶಿಕಾ ಎಂಬ ಭಾಗದಲ್ಲಿ. ಬಾಲ್ಯದ ಹೆಸರು ತೊಕಿತಾರೊ. ಬೆಳೆದದ್ದು ನಕಾಜಿಮಾ ಇಸೆ ಎಂಬ ಕನ್ನಡಿ ಮಾಡುವವರ ಮನೆಯಲ್ಲಿ. ಆಳುವ ಶೋಗನ್‌ಗೆ ಕನ್ನಡಿ ಒದಗಿಸುತ್ತಿದ್ದ ಮನೆ ಅದು. ಆ ಕಾಲದ ಕನ್ನಡಿ ಗಾಜಿನದಲ್ಲ, ಉಜ್ಜಿ ಹೊಳಪು ಬರಿಸಿದ ಕಂಚಿನದು. ಹಿಂಬದಿಯಲ್ಲಿ ಹಕ್ಕಿ, ಹೂ, ಮರಗಳ ಉಬ್ಬುಚಿತ್ರ ಇರುತ್ತಿತ್ತು. ಹುಡುಗ ಆರನೆಯ ವಯಸ್ಸಿನಿಂದಲೇ ಕಂಡದ್ದನ್ನೆಲ್ಲ ಗೀಚುತ್ತಿದ್ದ ಎಂದು ಮುಂದೆ ತಾವೇ ಬರೆದುಕೊಂಡಿದ್ದಾರೆ. ಕನ್ನಡಿ ಕೆಲಸದ ಉತ್ತರಾಧಿಕಾರ ಅವರಿಗೆ ಬರಲಿಲ್ಲ. ಹನ್ನೆರಡರ ಸುಮಾರಿಗೆ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಎಡೊದಲ್ಲಿ ಪುಸ್ತಕ ಕೊಳ್ಳುವವರಿಗಿಂತ ಬಾಡಿಗೆಗೆ ತಂದು ಓದುವವರೇ ಹೆಚ್ಚು, ಮತ್ತು ಆ ಪುಸ್ತಕಗಳು ಚಿತ್ರಗಳಿಂದ ತುಂಬಿರುತ್ತಿದ್ದವು. ಶಾಲೆಯ ಮೆಟ್ಟಿಲು ಎಷ್ಟು ಹತ್ತಿದರೋ, ಆದರೆ ಅವರ ಮೊದಲ ಗ್ರಂಥಾಲಯ ಅದೇ.

ಹದಿನಾಲ್ಕು ದಾಟಿದಾಗ ಮರದ ಅಚ್ಚು ಕೆತ್ತುವವರ ಬಳಿ ಕೆಲಸಕ್ಕೆ ನಿಂತರು. ಈ ನಾಲ್ಕು ವರ್ಷ ನನಗೆ ಮುಖ್ಯವಾಗಿ ಕಾಣುತ್ತದೆ, ಯಾಕೆಂದರೆ ಜಪಾನಿನ ಅಚ್ಚಿನ ಚಿತ್ರ ಒಬ್ಬನ ಕೆಲಸವಲ್ಲ. ಚಿತ್ರಕಾರ ತೆಳು ಕಾಗದದ ಮೇಲೆ ಗೆರೆಗಳನ್ನು ಬರೆದುಕೊಡುತ್ತಾನೆ. ಕೆತ್ತುವವನು ಆ ಕಾಗದವನ್ನೇ ಚೆರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಗೆರೆಯನ್ನು ಉಳಿಸಿ ಮಿಕ್ಕದ್ದನ್ನು ಕೆತ್ತಿ ತೆಗೆಯುತ್ತಾನೆ. ಕಾಗದ ಅಲ್ಲಿಗೆ ಹರಿದು ಮುಗಿಯಿತು. ಅಂದರೆ ನಾವು ಮೂಲ ಚಿತ್ರ ಎಂದು ಹುಡುಕುವ ವಸ್ತುವೇ ಉಳಿಯುವುದಿಲ್ಲ! ಆಮೇಲೆ ಪ್ರತಿ ಬಣ್ಣಕ್ಕೂ ಬೇರೆ ಹಲಗೆ. ಮುದ್ರಿಸುವವನು ಒದ್ದೆ ಮಾಡಿದ ಕಾಗದವನ್ನು ಒಂದೊಂದು ಹಲಗೆಯ ಮೇಲೂ ಇಟ್ಟು ಬೆನ್ನು ಉಜ್ಜುತ್ತಾನೆ. ಬಣ್ಣ ಬಣ್ಣದ ಮೇಲೆ ಸರಿಯಾಗಿ ಕೂರಲು ಹಲಗೆಯ ಮೂಲೆಯಲ್ಲಿ ಗುರುತಿನ ಕಚ್ಚು. ಹಣ ಹೂಡಿ ಇದನ್ನೆಲ್ಲ ಮಾಡಿಸುವವನು ಪ್ರಕಾಶಕ. ಚಿತ್ರಕಾರನ ಹೆಸರು ಮಾತ್ರ ನಮಗೆ ಬರುತ್ತದೆ. ಹೊಕುಸಾಯ್ ಮಾತ್ರ ಆ ಇನ್ನೊಂದು ಬದಿಯಲ್ಲಿ, ಉಳಿ ಹಿಡಿದು ಕುಳಿತು ಕಲಿತಿದ್ದರು. ಎಂಥ ಗೆರೆ ಕೆತ್ತಲು ಬರುತ್ತದೆ, ಎಂಥದ್ದು ಒಡೆಯುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಿತ್ತು.

1778ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಕತ್ಸುಕಾವಾ ಶುನ್‌ಶೊ ಅವರ ಶಿಷ್ಯರಾದರು. ಕಬುಕಿ ನಾಟಕದ ನಟರ ಚಿತ್ರಗಳಿಗೆ ಶುನ್‌ಶೊ ಹೆಸರಾಗಿದ್ದರು. ಗುರು ಕೊಟ್ಟ ಹೆಸರು ಶುನ್‌ರೊ. ಮುಂದಿನ ವರ್ಷವೇ ಆ ಹೆಸರಿನಲ್ಲಿ ಅಚ್ಚುಗಳು ಹೊರಬಂದವು. ಸುಮಾರು ಹದಿನೈದು ವರ್ಷ ಆ ಮನೆಯಲ್ಲಿ ನಟರು, ಕುಸ್ತಿಪಟುಗಳು, ಅಗ್ಗದ ಕಥೆಪುಸ್ತಕಗಳ ಚಿತ್ರಗಳು. ಗುರು ತೀರಿಕೊಂಡ ಮೇಲೆ 1790ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿಂದ ಹೊರಬಿದ್ದರು. ಬೇರೆ ಪಂಥದ ಶೈಲಿಯನ್ನು ಕದ್ದು ಕಲಿಯುತ್ತಿದ್ದಾರೆಂದು ಹಿರಿಯ ಶಿಷ್ಯರಿಗೆ ಕೋಪವಿತ್ತು, ಒಬ್ಬರು ಅವರು ಬರೆದ ನಾಮಫಲಕವನ್ನೇ ಕಿತ್ತು ಹರಿದರು ಎಂಬ ಕಥೆಯಿದೆ. ಆ ಕಷ್ಟದ ದಿನಗಳಲ್ಲಿ ಬೀದಿಯಲ್ಲಿ ಮೆಣಸಿನಪುಡಿ, ಪಂಚಾಂಗ ಮಾರಿದರೆಂದೂ ಹೇಳುತ್ತಾರೆ. ಮೂವತ್ತು ದಾಟಿದ, ಹೆಂಡತಿ ಮಕ್ಕಳಿದ್ದ ಮನುಷ್ಯ. ಬಿಎಸ್‌ಸಿ ಮುಗಿಸಿ ಎರಡು ವರ್ಷ ಕಾಫಿ ತೋಟದ ಕಚೇರಿಯಲ್ಲಿ ಕೊಯ್ಲಿನ ಲೆಕ್ಕ ಬರೆದು ಆಮೇಲೆ ಬಿಎಡ್‌ಗೆ ಬಂದ ನಾನು, ತಡವಾಯಿತು ಎಂದು ಆಗಾಗ ಕೊರಗುವುದುಂಟು. ಈ ಭಾಗವನ್ನು ಎರಡು ಸಲ ಓದಿದೆ.

ಹೆಸರಿನ ವಿಷಯ ವಿಚಿತ್ರ. ಹೊಕುಸಾಯ್ ಎಂಬುದು 1798ರ ಹೊತ್ತಿಗೆ ಬಂದದ್ದು, ಉತ್ತರದ ಚಿತ್ರಶಾಲೆ ಎಂಬ ಅರ್ಥ. ಧ್ರುವ ನಕ್ಷತ್ರದ ಮೇಲಿನ ಭಕ್ತಿ ಅದರ ಹಿಂದಿದೆ. ಜೀವಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರು ಬಳಸಿದರು, ಹಳೆಯದನ್ನು ಶಿಷ್ಯರಿಗೆ ಕೊಟ್ಟುಬಿಡುತ್ತಿದ್ದರು. ಮನೆಗಳನ್ನೂ ಹಾಗೆಯೇ ಬಿಟ್ಟರು. ತೊಂಬತ್ತಮೂರು ಸಲ ಮನೆ ಬದಲಾಯಿಸಿದರೆಂದು ಪ್ರತೀತಿ. ಕಸ ಗುಡಿಸುವ ಬದಲು ಮನೆಯನ್ನೇ ಬಿಡುತ್ತಿದ್ದರಂತೆ. ನಮ್ಮ ಹಾಸ್ಟೆಲಿನಲ್ಲಿ ಇದನ್ನು ಹೇಳಿದಾಗ ನನ್ನ ಕೊಠಡಿಯ ಗೆಳತಿ ನನ್ನ ಕಡೆಯೇ ನೋಡಿದಳು.

ಜನರ ಮುಂದೆ ದೊಡ್ಡದಾಗಿ ಬರೆದು ತೋರಿಸುವ ಹುಮ್ಮಸ್ಸೂ ಇತ್ತು. 1804ರಲ್ಲಿ ಎಡೊದ ಗೊಕೊಕು-ಜಿ ದೇವಾಲಯದ ಅಂಗಳದಲ್ಲಿ, ಸಾವಿರಾರು ಜನ ನೋಡುತ್ತಿರುವಾಗ, ಹಾಸಿದ ಕಾಗದದ ಮೇಲೆ ಪೊರಕೆಯಂಥ ಕುಂಚದಿಂದ ಬೋಧಿಧರ್ಮನ ಬೃಹತ್ ಚಿತ್ರ ಬರೆದರು. ಜಪಾನೀಯರು ದಾರುಮ ಎನ್ನುವ ಈ ಬೋಧಿಧರ್ಮ ದಕ್ಷಿಣ ಭಾರತದಿಂದ ಹೋದವನೆಂದು ಪರಂಪರೆ ಹೇಳುತ್ತದೆ. ನೆಲದಲ್ಲಿ ನಿಂತವರಿಗೆ ಗೆರೆಗಳಷ್ಟೇ ಕಂಡವು, ಮಾಡು ಹತ್ತಿದವರಿಗೆ ಮುಖ ಕಂಡಿತು. 1817ರಲ್ಲಿ ನಗೋಯಾದಲ್ಲಿ ಇದನ್ನೇ ಮತ್ತೆ ಮಾಡಿದರು. ಒಂದು ಅಕ್ಕಿ ಕಾಳಿನ ಮೇಲೆ ಗುಬ್ಬಚ್ಚಿಗಳನ್ನು ಬರೆದ ಕಥೆಯೂ ಇವರದ್ದೇ.

ಇನ್ನು ನಾನು ಹೇಳುತ್ತೇನೆಂದ ವಿಷಯ. ಐವತ್ತು ದಾಟಿದ ಮೇಲೆ ಹೊಕುಸಾಯ್ ಅವರ ಮುಖ್ಯ ಕೆಲಸ ಏನು ಎಂದರೆ, ಪಠ್ಯಪುಸ್ತಕ ಬರೆಯುವುದು. ಚಿತ್ರ ಕಲಿಯುವವರಿಗೆ, ಗುರುವಿನ ಮನೆಗೆ ಹೋಗಿ ವರ್ಷಗಟ್ಟಲೆ ಇರಲಾಗದವರಿಗೆ, ನೋಡಿ ಕಲಿಯುವ ಪುಸ್ತಕಗಳು. 1812ರಲ್ಲಿ ಸರಳ ಚಿತ್ರಗಳ ಶೀಘ್ರ ಪಾಠ ಎಂಬರ್ಥದ ಪುಸ್ತಕದ ಮೊದಲ ಭಾಗ ಬಂತು. ಅದರಲ್ಲಿ ಹಸು, ಕುದುರೆ, ಹಕ್ಕಿ, ಮುದುಕ, ಬಂಡೆ ಎಲ್ಲವನ್ನೂ ಕೈವಾರ ಮತ್ತು ಅಳತೆಪಟ್ಟಿಯಿಂದ, ವೃತ್ತ ಮತ್ತು ಚೌಕಗಳಿಂದ ಕಟ್ಟಿ ತೋರಿಸಿದರು. ಪಕ್ಕದಲ್ಲಿ ಬರೀ ವೃತ್ತಗಳ ಚಿತ್ರ, ಇತ್ತ ಕಡೆ ಪೂರ್ತಿಯಾದ ಹಕ್ಕಿ. ಮಗು ತಾನೇ ಹೋಲಿಸಿ ನೋಡಬೇಕು. ಮುಂದಿನ ಭಾಗದಲ್ಲಿ ಮಕ್ಕಳಿಗೆ ಆಗಲೇ ಗೊತ್ತಿರುವ ಅಕ್ಷರಗಳಿಂದಲೇ ಮನುಷ್ಯರ ಆಕೃತಿ ಮಾಡಿಸಿದರು. ನಾವು ಪೂರ್ವಜ್ಞಾನ ಎಂದು ಪಾಠ ಯೋಜನೆಯ ಮೊದಲ ಚೌಕದಲ್ಲಿ ತುಂಬುತ್ತೇವಲ್ಲ, ಅದೇ. ನಾವು ಒಂದನೆಯ ತರಗತಿಯಲ್ಲಿ 2ರಿಂದ ಬಾತುಕೋಳಿ ಬರೆಯಿಸುವುದನ್ನು ನೆನೆಯಿರಿ. 1815ರಲ್ಲಿ ನೃತ್ಯವನ್ನು ಒಬ್ಬರೇ ಕಲಿಯುವ ಪುಸ್ತಕ ಬಂತು. ಹೆಜ್ಜೆಗೊಂದು ಚಿತ್ರ, ಕೈ ಕಾಲು ಎಲ್ಲಿಂದ ಎಲ್ಲಿಗೆ ಚಲಿಸಬೇಕೆಂಬುದಕ್ಕೆ ಗೆರೆ. ಭೌತಶಾಸ್ತ್ರ ಓದಿದವಳಿಗೆ ಅದು ಚಲನೆಯ ಪಥದಂತೆ ಕಾಣುತ್ತದೆ.

ಇವುಗಳಲ್ಲಿ ದೊಡ್ಡದು ಹೊಕುಸಾಯ್ ಮಾಂಗಾ. ಇಂದಿನ ಕಾಮಿಕ್ಸ್ ಎಂಬ ಅರ್ಥ ಆಗ ಆ ಪದಕ್ಕೆ ಇರಲಿಲ್ಲ, ಮನಸ್ಸಿಗೆ ಬಂದಂತೆ ಬರೆದ ಚಿತ್ರಗಳು ಎಂದಷ್ಟೇ. ನಗೋಯಾದಲ್ಲಿ ಶಿಷ್ಯನೊಬ್ಬನ ಮನೆಯಲ್ಲಿ ಉಳಿದಿದ್ದಾಗ ಬರೆದ ಸುಮಾರು 300 ಚಿತ್ರಗಳಿಂದ ಆರಂಭವಾಗಿ, ಮೊದಲ ಸಂಪುಟ 1814ರಲ್ಲಿ ಬಂತು. ಒಟ್ಟು ಹದಿನೈದು ಸಂಪುಟ, ಕೊನೆಯದು ಅವರು ಸತ್ತು ಎಷ್ಟೋ ವರ್ಷಗಳ ಮೇಲೆ, 1878ರಲ್ಲಿ. ಸ್ನಾನ ಮಾಡುವವರು, ಗಾಳಿಯಲ್ಲಿ ಕೊಡೆ ಮಗುಚಿಕೊಂಡವರು, ದಪ್ಪಗಿನವರು, ಸಣಕಲರು, ಮೀನು, ಕೀಟ, ದೆವ್ವ, ಸೇತುವೆ, ಮಳೆ, ಅಲೆ. ಒಂದೇ ಪುಟದಲ್ಲಿ ಹತ್ತಾರು. ಮಳೆಯಲ್ಲಿ ಓಡುವವರ ಪುಟಗಳನ್ನು ಕೊಡಗಿನ ಮಗು ಯಾರ ಸಹಾಯವೂ ಇಲ್ಲದೆ ಓದಬಲ್ಲದು.

ಈ ಪುಸ್ತಕಗಳನ್ನು ತಿಳಿದ ಮೇಲೆ ಅಲೆಯ ಚಿತ್ರವನ್ನು ಮತ್ತೆ ನೋಡಿದೆ. ಕೈವಾರ ಇಟ್ಟು ಬರೆದಂತಿದೆ. ದೊಡ್ಡ ಅಲೆಯ ಒಳಬಾಗು ಒಂದು ವೃತ್ತದ ಚಾಪ, ಎದುರಿನ ಚಿಕ್ಕ ಅಲೆ ಫ್ಯೂಜಿಯದ್ದೇ ಆಕಾರದ ತ್ರಿಕೋನ. ನಾನು ಫ್ಯೂಜಿಯನ್ನು ಅಲೆ ಎಂದು ಭಾವಿಸಿದ್ದಕ್ಕೆ ಸ್ವಲ್ಪ ಮಟ್ಟಿಗೆ ಅವರೂ ಕಾರಣ ಎಂದು ಸಮಾಧಾನ ಮಾಡಿಕೊಂಡೆ. ಬೆಟ್ಟವೂ ಅಲೆಯೂ ಒಂದೇ ಬಣ್ಣ, ಒಂದೇ ಆಕಾರ ಆಗುವಂತೆ ಅವರೇ ಬರೆದಿದ್ದಾರೆ.

ಆ ಚಿತ್ರ ಹುಟ್ಟಿದ್ದು ಬದುಕಿನ ಅತಿ ಕೆಟ್ಟ ವರ್ಷಗಳ ಬೆನ್ನಿಗೆ. 1827ರ ಸುಮಾರಿಗೆ ಪಾರ್ಶ್ವವಾಯು ಬಡಿಯಿತು. ಒಂದು ಜಾತಿಯ ನಿಂಬೆಯಿಂದ ತಾವೇ ಔಷಧ ಮಾಡಿಕೊಂಡು ಚೇತರಿಸಿಕೊಂಡರೆಂದು ಹೇಳುತ್ತಾರೆ. 1828ರಲ್ಲಿ ಎರಡನೆಯ ಹೆಂಡತಿ ತೀರಿಕೊಂಡರು. ಮೊಮ್ಮಗನೊಬ್ಬ ಜೂಜಿನಲ್ಲಿ ಮುಳುಗಿ ಸಾಲ ಮಾಡಿದ. ತೀರಿಸುವ ಭಾರ ಅಜ್ಜನ ಮೇಲೆ. ಕೈಯಲ್ಲಿ ಹಣವಿಲ್ಲ, ಬಟ್ಟೆಯಿಲ್ಲ, ಊಟಕ್ಕೇ ಕಷ್ಟ ಎಂದು ಕಾಗದ ಬರೆದರು. ಎಪ್ಪತ್ತರ ಆಸುಪಾಸಿನ ವಯಸ್ಸು.

ಅದೇ ಸಮಯಕ್ಕೆ ಎಡೊದ ಅಂಗಡಿಗಳಿಗೆ ಹೊಸ ನೀಲಿ ಬಂತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಆಕಸ್ಮಿಕವಾಗಿ ಸಿಕ್ಕ ಪ್ರಷ್ಯನ್ ನೀಲಿ. ಬರ್ಲಿನ್ ಹೆಸರಿನಿಂದಲೇ ಜಪಾನೀಯರು ಅದನ್ನು ಬೆರೊ ನೀಲಿ ಎಂದರು. ಗಿಡದ ನೀಲಿಯಂತೆ ಮಾಸದೆ, ಗಾಢದಿಂದ ತೆಳುವಿನವರೆಗೆ ಬೇಕಾದಂತೆ ಇಳಿಸಬಹುದು, 1820ರ ದಶಕದ ಕೊನೆಗೆ ಬೆಲೆಯೂ ಕೈಗೆಟಕುವಂತಾಗಿತ್ತು. ಬಿಎಸ್‌ಸಿ ರಸಾಯನಶಾಸ್ತ್ರದ ಪ್ರಯೋಗ ಪರೀಕ್ಷೆ ನೆನಪಿರುವವರಿಗೆ ಈ ನೀಲಿ ಗೊತ್ತು. ಫೆರಿಕ್ ಲವಣದ ದ್ರಾವಣಕ್ಕೆ ಪೊಟಾಸಿಯಂ ಫೆರೋಸಯನೈಡ್ ಹಾಕಿದೊಡನೆ ಪ್ರನಾಳದಲ್ಲಿ ಧುತ್ತೆಂದು ಕಾಣುವ ಬಣ್ಣ ಅದೇ. ಹುಡುಗನ ಎದೆಯ ಮೇಲಿನ ಬಣ್ಣಕ್ಕೂ ನನ್ನ ಪ್ರಯೋಗ ಪುಸ್ತಕದ ಕಲೆಗೂ ಹೀಗೆ ನೆಂಟಸ್ತಿಕೆ ಇದೆ ಎಂದು ಮೊದಲೇ ಗೊತ್ತಿದ್ದರೆ ಆ ಶನಿವಾರ ಬೇರೆಯೇ ಪಾಠವಾಗುತ್ತಿತ್ತು.

ನಿಶಿಮುರಾಯಾ ಯೊಹಾಚಿ ಎಂಬ ಪ್ರಕಾಶಕ ಈ ನೀಲಿಯನ್ನು ನಂಬಿ ಫ್ಯೂಜಿ ಪರ್ವತದ ಮೂವತ್ತಾರು ನೋಟಗಳ ಮಾಲೆಯನ್ನು ಹೊರತಂದ. ಜನ ಎಷ್ಟು ಕೊಂಡರೆಂದರೆ ಇನ್ನೂ ಹತ್ತು ಸೇರಿ ಒಟ್ಟು 46 ಆಯಿತು, ಹೆಸರು ಮಾತ್ರ ಮೂವತ್ತಾರರಲ್ಲೇ ನಿಂತಿತು. ಚಹಾ ತೋಟದಿಂದ, ಮರ ಕೊಯ್ಯುವವರ ನಡುವಿನಿಂದ, ಪೀಪಾಯಿ ಮಾಡುವವನ ಪೀಪಾಯಿಯ ಒಳಗಿನಿಂದ, ಎಲ್ಲಿಂದ ನೋಡಿದರೂ ಅದೇ ಬೆಟ್ಟ. ನಮ್ಮಲ್ಲಿ ಪುಷ್ಪಗಿರಿ ಒಂದೊಂದು ಊರಿನಿಂದ ಒಂದೊಂದು ತರ ಕಾಣುವ ಹಾಗೆ. ಕನಗಾವದ ಕಡಲಿನ ಅಲೆ ಈ ಮಾಲೆಯ ಒಂದು ಹಾಳೆ. ವರ್ಷ 1831, ಅಳತೆ ಸುಮಾರು 25 ಸೆಂ.ಮೀ. ಎತ್ತರ, 37 ಸೆಂ.ಮೀ. ಅಗಲ. ಗೋಡೆಯಷ್ಟು ದೊಡ್ಡದೆಂದು ನಾನು ಊಹಿಸಿದ್ದೆ, ಅದು ನಮ್ಮ ಡ್ರಾಯಿಂಗ್ ಪುಸ್ತಕದಷ್ಟು. ಬೆಲೆ ಬೀದಿ ಬದಿಯ ಒಂದೆರಡು ಬಟ್ಟಲು ಶಾವಿಗೆಯಷ್ಟು. ಟೀ ಶರ್ಟಿನ ಹಾಗೆಯೇ ಸಾಮಾನ್ಯರು ಕೊಳ್ಳುವ ವಸ್ತು. ಸಾವಿರಾರು ಪ್ರತಿ ಅಚ್ಚಾದವು, ಈಗ ಗುರುತಾಗಿರುವುದು ನೂರಕ್ಕೆ ಸ್ವಲ್ಪ ಹೆಚ್ಚು. ಮಿಕ್ಕವು ಮಾಸಿ, ಹರಿದು, ಬೆಂಕಿಗೆ ಸಿಕ್ಕಿ ಹೋದವು.

ಚಿತ್ರದ ಮೂಲೆಯಲ್ಲಿರುವ ಸಹಿ, ಹಿಂದೆ ಹೊಕುಸಾಯ್ ಆಗಿದ್ದು ಈಗ ಇಇತ್ಸು ಎಂದು ಹೆಸರು ಬದಲಾಯಿಸಿಕೊಂಡವನ ಕೈಬರಹ ಎನ್ನುತ್ತದೆ.

ಇದು ಅವರ ಮೊದಲ ಅಲೆಯಲ್ಲ. 1797ರಲ್ಲಿ ಎನೊಶಿಮಾ ದ್ವೀಪದ ದಡದಲ್ಲಿ ಒಂದು ಅಲೆ ಬರೆದಿದ್ದರು. ಪುಟ್ಟದು, ಹೆಂಗಸರು ಮಕ್ಕಳು ನಿಂತು ನೋಡುವಂಥದ್ದು. 1803ರ ಸುಮಾರಿಗೆ ಇನ್ನೊಂದು, ಕೆಳಗೆ ದೋಣಿಯಿದೆ, ಅಲೆ ಎದ್ದಿದೆ, ಆದರೆ ಬಂಡೆಯಂತೆ ಗಡುಸು. 1805ರ ಸುಮಾರಿಗೆ ಮತ್ತೊಂದು, ಸರಕಿನ ದೋಣಿಗಳು ಅಲೆಯನ್ನು ಏರುತ್ತಿವೆ. ಮೂರನ್ನೂ 1831ರದ್ದನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿಕೊಂಡೆ. ಮೂವತ್ತಕ್ಕೂ ಹೆಚ್ಚು ವರ್ಷ ಅದೇ ಪಾಠ. ಎಲ್ಲರೂ ಧರಿಸುವುದು ಕೊನೆಯದನ್ನು, ನನಗೆ ಹೆಚ್ಚು ಇಷ್ಟವಾದದ್ದು ಆ ಬಂಡೆಯಂಥ ಎರಡನೆಯದು. ಇನ್ನೂ ಬಂದಿಲ್ಲ, ಆದರೆ ಬರುತ್ತದೆ ಎಂದು ಅದರಲ್ಲಿ ಕಾಣುತ್ತದೆ.

ಆ ಹಾಳೆಯೊಡನೆ ಮುಂದಿನ ಶನಿವಾರ ತರಗತಿಗೆ ಹೋದೆ. ಮಾರ್ಗದರ್ಶಕರಿಗೆ ಮೊದಲೇ ಹೇಳಿ, ಪಾಠ ಯೋಜನೆಯಲ್ಲಿ ಇಲ್ಲದ ಅರ್ಧ ಅವಧಿ ಕೇಳಿಕೊಂಡಿದ್ದೆ. ಕಪ್ಪುಹಲಗೆಯ ಮೇಲೆ ನಾನು ಹೇಳಿದ ಮೂರು ತಪ್ಪುಗಳನ್ನು ಬರೆದು ಒಂದೊಂದಾಗಿ ಹೊಡೆದುಹಾಕಿದೆ. ಕೈ ನಡುಗುತ್ತಿತ್ತು, ಬರಹ ಓರೆಯಾಯಿತು. ಮಕ್ಕಳು ನಗಲಿಲ್ಲ. ನಗುತ್ತಾರೆಂದು ಹೆದರಿದ್ದೆ. ಆ ಹುಡುಗಿ ಮಾತ್ರ ಹಾಗಾದರೆ ಎತ್ತರ ಎಷ್ಟು ಎಂದು ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದಳು.

ಈಗ ಹೇಳಬಹುದಿತ್ತು, ಯಾಕೆಂದರೆ ಈಗ ದೋಣಿಗಳಿದ್ದವು. ಇವು ಎಡೊ ಮಾರುಕಟ್ಟೆಗೆ ತಾಜಾ ಮೀನು ಒಯ್ಯುತ್ತಿದ್ದ ವೇಗದ ದೋಣಿಗಳು, ಉದ್ದ ಸುಮಾರು 12ರಿಂದ 15 ಮೀಟರ್. ಚಿತ್ರದಲ್ಲಿ ದೋಣಿ ಎಷ್ಟು ಸೆಂ.ಮೀ., ಅಲೆ ಎಷ್ಟು ಸೆಂ.ಮೀ. ಅಳೆಯಿರಿ ಎಂದೆ. ಅನುಪಾತದ ಲೆಕ್ಕ ಎಂಟನೆಯ ತರಗತಿಯದ್ದು. ಉತ್ತರಗಳು 9ರಿಂದ 20 ಮೀಟರಿನವರೆಗೆ ಹರಡಿದವು. ದೋಣಿ ಓರೆಯಾಗಿರುವುದರಿಂದ ಗಿಡ್ಡ ಕಾಣುತ್ತದೆ ಎಂದು ಒಂದು ಗುಂಪು, ಚಿತ್ರಕಾರ ಸುಳ್ಳು ಬರೆದಿರಬಹುದು ಎಂದು ಇನ್ನೊಂದು. ಇದನ್ನು ಅಧ್ಯಯನ ಮಾಡಿದ ಸಂಶೋಧಕರು ಚಿತ್ರದಲ್ಲಿ ಎತ್ತರವನ್ನು ಹಿಗ್ಗಿಸಲಾಗಿದೆ ಎಂದು ಲೆಕ್ಕ ಹಿಡಿದು 10ರಿಂದ 12 ಮೀಟರ್ ಎಂದಿದ್ದಾರೆ. ಅವರ ಪ್ರಕಾರ ಇದು ಭೂಕಂಪದ ಸುನಾಮಿಯಲ್ಲ, ಬಿರುಗಾಳಿಯ ಕಡಲಿನಲ್ಲಿ ಮುರಿದು ಬೀಳುವ ಅಲೆ. ಹೀಗೆ ಮುರಿಯುವ ಅಲೆಗೆ ನಮ್ಮ ಪುಸ್ತಕದ ಪಾರದ ವ್ಯಾಖ್ಯೆ ನೇರವಾಗಿ ಹೊಂದುವುದೇ ಇಲ್ಲ. ಅದನ್ನೂ ಹೇಳಿದೆ, ಆಮೇಲೆ ಚೀಲದಿಂದ ಹಗ್ಗ ತೆಗೆದೆ. ದೋಣಿಯಲ್ಲಿರುವ ತಲೆಗಳನ್ನು ಎಣಿಸುವುದು ಮಾತ್ರ ಪಾಠ ಮುಗಿದ ಮೇಲೂ ನಡೆಯಿತು. ಇಪ್ಪತ್ತು ದಾಟಿತು, ಒಮ್ಮತ ಆಗಲಿಲ್ಲ.

ಅಂಗಿಯಿಂದ ದೋಣಿಗಳು ಎಲ್ಲಿ ಹೋದವು? ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ತಂಡಗಳ ಟೀ ಶರ್ಟ್ ಮುದ್ರಿಸಿಕೊಡುವ ಪರಿಚಿತರೊಬ್ಬರನ್ನು ಕೇಳಿದೆ. ಪರದೆ ಮುದ್ರಣದಲ್ಲಿ ಬಣ್ಣಕ್ಕೊಂದು ಪರದೆ ಬೇಕು, ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು, ಮರದ ಅಚ್ಚಿನ ಕಥೆಯೇ. ದೋಣಿ ತೆಗೆದರೆ ಹಳದಿ ಪರದೆಯ ಖರ್ಚು ಉಳಿಯುತ್ತದೆ, ಅಷ್ಟು ಸಣ್ಣ ಮುಖಗಳು ಬಟ್ಟೆಯಲ್ಲಿ ಶಾಯಿ ತುಂಬಿ ಚುಕ್ಕೆಯಾಗುತ್ತವೆ ಎಂದು ಅವರು ಊಹಿಸಿದರು. ಯಾರೋ ಒಬ್ಬರು ಯೋಚಿಸಿಯೇ ಆ ಜನರನ್ನು ನೀರಿಗೆ ಬಿಟ್ಟಿದ್ದಾರೆ.

ಹೊಕುಸಾಯ್ ಅಲೆಯ ಮೇಲೆ ನಿಲ್ಲಲಿಲ್ಲ. 1834ರಲ್ಲಿ ಫ್ಯೂಜಿಯ ನೂರು ನೋಟಗಳ ಪುಸ್ತಕ ಹೊರಡಿಸಿ, ಅದರ ಕೊನೆಯಲ್ಲಿ ಒಂದು ಟಿಪ್ಪಣಿ ಬರೆದರು. ಎಪ್ಪತ್ತಕ್ಕೆ ಮೊದಲು ಬರೆದದ್ದು ಯಾವುದೂ ಲೆಕ್ಕಕ್ಕಿಲ್ಲವಂತೆ. ಎಪ್ಪತ್ತಮೂರಕ್ಕೆ ಪ್ರಾಣಿ, ಗಿಡಗಳ ರಚನೆ ಅಲ್ಪಸ್ವಲ್ಪ ತಿಳಿಯಿತಂತೆ. ಎಂಬತ್ತಕ್ಕೆ ಮುಂದುವರಿದು, ತೊಂಬತ್ತಕ್ಕೆ ಒಳಗುಟ್ಟು ಹೊಕ್ಕು, ನೂರಕ್ಕೆ ಅದ್ಭುತವಾಗಿ, ನೂರಹತ್ತಕ್ಕೆ ಪ್ರತಿ ಚುಕ್ಕೆ ಗೆರೆಗೂ ಜೀವ ಬರುತ್ತದಂತೆ. ಅಲೆ ಬರೆದಾಗ ಅವರಿಗೆ ಎಪ್ಪತ್ತು ದಾಟಿತ್ತಷ್ಟೆ ಎಂಬುದನ್ನು ನೆನಪಿಡಬೇಕು. 1839ರಲ್ಲಿ ಬೆಂಕಿ ಬಿದ್ದು ಮನೆಯಲ್ಲಿದ್ದ ಚಿತ್ರಗಳೆಲ್ಲ ಸುಟ್ಟವು. ಆಮೇಲೆ, ಎಂಬತ್ತೆರಡರ ಹೊತ್ತಿಗೆ, ಪ್ರತಿ ದಿನ ಬೆಳಿಗ್ಗೆ ಒಂದು ಸಿಂಹ ಬರೆಯುವ ಅಭ್ಯಾಸ ಇಟ್ಟುಕೊಂಡರು, ಕೆಡುಕನ್ನು ಓಡಿಸಲೆಂದು. ಬರೆದದ್ದನ್ನು ಎಸೆಯುತ್ತಿದ್ದರು, ಮಗಳು ಆರಿಸಿ ಇಡುತ್ತಿದ್ದಳು ಎನ್ನುತ್ತಾರೆ.

ಆ ಮಗಳು ಓಯಿ. ಒಬ್ಬ ಚಿತ್ರಕಾರನನ್ನೇ ಮದುವೆಯಾಗಿದ್ದವರು, ಗಂಡನ ಚಿತ್ರ ನೋಡಿ ನಕ್ಕದ್ದೂ ಒಂದು ಕಾರಣವಾಗಿ ಮದುವೆ ಮುರಿದು ತಂದೆಯ ಮನೆಗೆ ಬಂದರಂತೆ. ಇಬ್ಬರೂ ಅಡುಗೆ ಮಾಡುತ್ತಿರಲಿಲ್ಲ, ಮನೆ ಗುಡಿಸುತ್ತಿರಲಿಲ್ಲ, ಬರೆಯುತ್ತಿದ್ದರು. ಹೆಂಗಸರ ಚಿತ್ರದಲ್ಲಿ ಮಗಳು ತನಗಿಂತ ಮೇಲು ಎಂದು ತಂದೆ ಒಪ್ಪಿದ್ದರು. ಲಾಟೀನಿನ ಬೆಳಕು, ಕತ್ತಲೆಯನ್ನು ಆಕೆ ಬರೆದ ಯೊಶಿವಾರದ ರಾತ್ರಿಯ ಚಿತ್ರ ಟೋಕಿಯೋದ ಓತಾ ಸ್ಮಾರಕ ಕಲಾಸಂಗ್ರಹಾಲಯದಲ್ಲಿದೆ. ಆಕೆಯ ಸಹಿಯಿರುವ ಕೃತಿಗಳು ಕೆಲವೇ. ತಂದೆಯ ಕೊನೆಯ ವರ್ಷಗಳ ಚಿತ್ರಗಳಲ್ಲಿ ಆಕೆಯ ಕೈ ಎಷ್ಟು ಎಂಬ ಚರ್ಚೆ ಇಂದಿಗೂ ನಡೆಯುತ್ತಿದೆ. ತಂದೆ ಹೋದ ಮೇಲೆ ಆಕೆ ಎಲ್ಲಿ, ಯಾವಾಗ ತೀರಿಕೊಂಡರೆಂಬುದಕ್ಕೆ ದಾಖಲೆಯಿಲ್ಲ. ಓಯಿ ಬಗ್ಗೆ ಬೇರೆಯೇ ಒಂದು ಲೇಖನ ಬೇಕು.

ಎಂಬತ್ತರ ನಂತರ ಹೊಕುಸಾಯ್ ಪರ್ವತಗಳ ನಡುವಿನ ಒಬುಸೆ ಎಂಬ ಊರಿಗೆ ಹೋಗಿಬರತೊಡಗಿದರು. ಎಡೊದಿಂದ 200 ಕಿ.ಮೀ.ಗೂ ಹೆಚ್ಚು, ಹೆಚ್ಚುಕಡಿಮೆ ಮಡಿಕೇರಿಯಿಂದ ಬೆಂಗಳೂರಿಗೆ ಹೋದಷ್ಟು ದೂರ. ತಕಾಯಿ ಕೊಜಾನ್ ಎಂಬ ಶ್ರೀಮಂತ ವ್ಯಾಪಾರಿ ಅಲ್ಲಿ ಆಶ್ರಯ ಕೊಟ್ಟಿದ್ದ. ಊರ ಜಾತ್ರೆಯ ರಥಗಳ ಒಳಮಾಡಿಗೆ ಅಲ್ಲಿ ಚಿತ್ರ ಬರೆದರು. ಒಂದು ರಥಕ್ಕೆ, 1845ರಲ್ಲಿ, ಎರಡು ಅಲೆಗಳು. ಒಂದನ್ನು ಗಂಡು ಅಲೆ, ಇನ್ನೊಂದನ್ನು ಹೆಣ್ಣು ಅಲೆ ಎನ್ನುತ್ತಾರೆ. ಕಡುನೀಲಿ, ಹಸಿರು, ಸುಳಿಯುವ ನೊರೆ. ಫ್ಯೂಜಿ ಇಲ್ಲ. ದೋಣಿಯೂ ಇಲ್ಲ. ಇದನ್ನು ಕಂಡಾಗ ಟೀ ಶರ್ಟ್ ಮಾಡಿದವರ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಆದರೂ ಎಂಬತ್ತೈದರ ಮುದುಕ ದೋಣಿ ಬಿಟ್ಟುಬಿಟ್ಟದ್ದಕ್ಕೂ ಒಂದು ಪರದೆಯ ಖರ್ಚು ಉಳಿಸಿದ್ದಕ್ಕೂ ವ್ಯತ್ಯಾಸವಿದೆ ಎಂದೇ ಈಗಲೂ ಅನಿಸುತ್ತದೆ.

1849ರ ಮೇ 10ರಂದು, ಎಡೊದ ಅಸಾಕುಸಾದ ಒಂದು ಬಾಡಿಗೆ ಮನೆಯಲ್ಲಿ ಹೊಕುಸಾಯ್ ತೀರಿಕೊಂಡರು. ಜಪಾನೀ ಎಣಿಕೆಯಲ್ಲಿ ತೊಂಬತ್ತು. ಇನ್ನು ಹತ್ತು ವರ್ಷ, ಅದು ಆಗದಿದ್ದರೆ ಐದಾದರೂ ವರ್ಷ ಸಿಕ್ಕಿದ್ದರೆ ನಿಜವಾದ ಚಿತ್ರಕಾರನಾಗುತ್ತಿದ್ದೆ ಎಂಬುದು ಅವರ ಕೊನೆಯ ಕೊರಗು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಸತ್ತದ್ದಕ್ಕೆ ಹಿಂದಿನ ವರ್ಷವೂ ಒಂದು ಪಾಠಪುಸ್ತಕ ಹೊರಬಂದಿತ್ತು. ಬಣ್ಣಗಳನ್ನು ಹೇಗೆ ಮಾಡಬೇಕು, ಹೇಗೆ ಹಚ್ಚಬೇಕು ಎಂಬುದನ್ನು ಕಲಿಸುವಂಥದ್ದು.

ಜಪಾನಿನ ಬಂದರುಗಳು ಹೊರಗಿನವರಿಗೆ ತೆರೆದದ್ದು ಅವರು ಸತ್ತ ಮೇಲೆ. ಅಚ್ಚುಗಳು ಯುರೋಪಿಗೆ ಹೋದವು. ಮೊನೆ ಅವನ್ನು ಕೊಂಡು ಗೋಡೆಗೆ ಹಾಕಿದ, ವಾನ್ ಗೋ ಅಲೆಯ ಉಗುರುಗಳ ಬಗ್ಗೆ ತಮ್ಮನಿಗೆ ಕಾಗದ ಬರೆದ, ಡೆಬ್ಯೂಸಿಯ ಕಡಲಿನ ಸಂಗೀತದ ಮುದ್ರಿತ ಪುಸ್ತಕಕ್ಕೆ 1905ರಲ್ಲಿ ಅದೇ ಅಲೆ ಮುಖಪುಟವಾಯಿತು. 2024ರ ಜುಲೈಯಿಂದ ಜಪಾನಿನ 1,000 ಯೆನ್ ನೋಟಿನ ಹಿಂಬದಿಯಲ್ಲೂ ಅದಿದೆ. ನೋಟಿನಲ್ಲಿ ದೋಣಿಗಳನ್ನು ಉಳಿಸಿಕೊಂಡಿದ್ದಾರೆ.

ನಮ್ಮ ಬೋಧನಾ ಅಭ್ಯಾಸದ ಕೊನೆಯ ಶನಿವಾರ ಆ ಹುಡುಗ ಮತ್ತೆ ಅದೇ ಟೀ ಶರ್ಟ್ ಹಾಕಿಕೊಂಡು ಬಂದ. ಅಲೆಯ ಕೆಳಗೆ ಬಿಳಿ ಜೆಲ್ ಪೆನ್ನಿನಿಂದ ಮೂರು ದೋಣಿ ಬರೆದಿದ್ದ, ಪ್ರತಿಯೊಂದರಲ್ಲೂ ಸಾಲಾಗಿ ಚುಕ್ಕೆ ತಲೆಗಳು. ಒಂದು ಬಾರಿ ಒಗೆದಾಗಲೇ ಎರಡು ದೋಣಿ ಅರ್ಧ ಅಳಿಸಿಹೋಗಿದ್ದವು. ಅಮ್ಮ ಬೈದರು ಎಂದ. ಯಾವ ಬಣ್ಣ ಹಚ್ಚಿದರೆ ಒಗೆದರೂ ಹೋಗುವುದಿಲ್ಲ ಎಂದು ಕೇಳಿದ. ಬಟ್ಟೆಗೆಂದೇ ಮಾಡಿದ ಬಣ್ಣ ಸಿಗುತ್ತದೆ, ಹಚ್ಚಿದ ಮೇಲೆ ಇಸ್ತ್ರಿ ಹಾಕಬೇಕು, ಅದು ಯಾಕೆ ಎಂದು ಸೋಮವಾರ ರಸಾಯನಶಾಸ್ತ್ರದ ಅವಧಿಯಲ್ಲಿ ನಿನ್ನ ಶಿಕ್ಷಕರನ್ನು ಕೇಳು ಎಂದೆ. ನಾನು ಸೋಮವಾರ ಅಲ್ಲಿರುವುದಿಲ್ಲವಲ್ಲ.